ಅಪ್ಪನ ದನಿ ಕೆಟ್ಟುಹೋದ ವಾರ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಇಲಿಗೆ,

ಅಕ್ಕನ ನೆನಪುಗಳು. ನಿನ್ನ ಬೆಟ್ಟದ ಮೇಲೆ ಗಾಳಿ ಸ್ವಲ್ಪವಾದರೂ ತಗ್ಗಿರಬಹುದು ಎಂದುಕೊಂಡಿದ್ದೇನೆ. ಶುಕ್ರವಾರ ಫೋನ್ ಮಾಡಿದಾಗ ಆ ಗಾಳಿಯ ಗದ್ದಲದಲ್ಲಿ ನಿನ್ನದು ಒಂದೇ ಮಾತು ಸರಿಯಾಗಿ ಕೇಳಿಸಿತು: ಶಭಾಷ್ ಅಕ್ಕ, ಒಬ್ಬಳೇ ಸರಿಮಾಡಿಬಿಟ್ಟೆಯಲ್ಲ ಅಂತ. ಆಮೇಲೆ ಲೈನು ಕಡಿದುಹೋಯಿತು. ಕಡಿದದ್ದೇ ಒಳ್ಳೆಯದಾಯಿತು ಎಂದು ಆಗ ಅನ್ನಿಸಿತು. ಅವತ್ತಿನಿಂದ ನಿನ್ನ ಆ ಶಭಾಷ್ ಗಂಟಲಲ್ಲಿ ಸಿಕ್ಕಿಕೊಂಡು ಒಳಗೂ ಹೋಗದೆ ಹೊರಗೂ ಬಾರದೆ ಕೂತಿದೆ. ಫೋನಿನಲ್ಲಿ ಹೇಳಲು ನನ್ನಿಂದಾಗದು. ಹವಾಮಾನ ಕೇಂದ್ರಕ್ಕೆ ಸಾಮಾನು ತರುವ ಜೀಪಿನಲ್ಲಿ ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನನಗೂ ಸ್ವಲ್ಪ ಧೈರ್ಯ ಬಂದಿರುತ್ತದೆ.

ಮೊದಲು ಸಣ್ಣ ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ಕಂಪ್ಯೂಟರ್ ತಾನಾಗಿ ಕೆಟ್ಟಿತು ಎಂದಿದ್ದೆನಲ್ಲ, ಅದು ನಿಜವಲ್ಲ. ಪರದೆಯ ಮೂಲೆಯಲ್ಲಿ ಅಪ್‌ಡೇಟ್ ಅಂತ ಚೀಟಿ ಬಂದರೆ ಮುಟ್ಟಬೇಡ, ನಾನು ಬಂದಾಗ ನೋಡಿಕೊಳ್ಳುತ್ತೇನೆ ಎಂದು ನೀನು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದೆ. ಹೋದ ಶನಿವಾರ ಬೆಳಿಗ್ಗೆ ನಾನು ಅಂಗಡಿಗೆ ಹೊರಡುವ ಅವಸರದಲ್ಲಿದ್ದೆ. ಅಪ್ಪ ಎದ್ದಾಗಿನಿಂದ ಕಂಪ್ಯೂಟರಿನ ದನಿಯಲ್ಲಿ ಶುರು ಮಾಡಿದ್ದರು. ಬಟ್ಟೆ ಒಗೆಯುವ ಮೆಷಿನ್ನಿಗೆ ಸೋಪಿನ ಪುಡಿ ಜಾಸ್ತಿ ಹಾಕಿದ್ದೀಯ. ಕಿಟಕಿ ತೆರೆದೇ ಬಿಟ್ಟಿದ್ದೀಯ. ನಿನ್ನೆ ಕಾರನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದೀಯ. ಅಷ್ಟರಲ್ಲಿ ಆ ಚೀಟಿ ಬಂದು ಅವರು ಬರೆಯುತ್ತಿದ್ದ ಜಾಗಕ್ಕೇ ಅಡ್ಡ ಕೂತಿತು. ಇದನ್ನು ತೆಗಿ ಎಂದು ಬೆರಳು ತೋರಿಸಿದರು. ತೆಗೆಯುವುದಕ್ಕೆ ಪಕ್ಕದಲ್ಲೇ ಪುಟ್ಟ ಗುಣಿಸು ಗುರುತಿತ್ತು. ನಾನು ಸಿಟ್ಟಿನಲ್ಲಿ ದೊಡ್ಡ ಗುಂಡಿಯನ್ನೇ ಒತ್ತಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಏನೇನೋ ಇಳಿಸಿಕೊಂಡು, ಆರಿ, ಮತ್ತೆ ಹತ್ತಿಕೊಂಡಿತು. ಆಮೇಲೆ ಪರದೆಯೆಲ್ಲ ಕಪ್ಪು. ಎಡಗಡೆ ಮೇಲೆ ಒಂದು ಬಿಳಿ ಗೆರೆ ಮಾತ್ರ ಕಣ್ಣು ಮಿಟುಕಿಸುತ್ತಿತ್ತು.

ಅಪ್ಪ ಅದರ ಮುಂದೆ ಕೈ ಎತ್ತಿಕೊಂಡು ಹಾಗೇ ಕೂತಿದ್ದರು, ಮಾತಿನ ಮಧ್ಯೆ ಎದುರಿನವರು ಎದ್ದು ಹೋದ ಹಾಗೆ.

ನಿನಗೆ ಗೊತ್ತಿಲ್ಲದ್ದೇನೂ ಅಲ್ಲ. ಗಂಟಲಿನ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ತೆಗೆದ ಮೇಲೆ ಅವರಿಗೆ ಇರುವ ಬಾಯಿ ಅದೊಂದೇ. ಬರೆದು ತೋರಿಸೋಣವೆಂದರೆ ನಡುಗುವ ಕೈಯಲ್ಲಿ ಬರೆದದ್ದು ಅವರಿಗೇ ಓದಲು ಬಾರದು. ಫೋನಿನ ಪುಟ್ಟ ಅಕ್ಷರಗಳು ಬೆರಳಿಗೆ ಸಿಗುವುದಿಲ್ಲ. ನೀನು ಆ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಬೆರಳು ಪಕ್ಕದ ಕೀಲಿಗೆ ಜಾರದ ಹಾಗೆ ಕೀಬೋರ್ಡಿನ ಮೇಲೆ ತೂತಿನ ತಗಡು ಕೂರಿಸಿ, ಟೈಪ್ ಮಾಡಿದ್ದನ್ನೆಲ್ಲ ಕನ್ನಡದಲ್ಲಿ ಓದಿ ಹೇಳುವ ಹಾಗೆ ಮಾಡಿಕೊಟ್ಟ ದಿನ ಅಪ್ಪ ಮೊದಲು ಹೇಳಿದ್ದು ನಿನ್ನ ಹೆಸರು. ನಾನು ಅಡುಗೆಮನೆಗೆ ಹೋಗಿ ಅತ್ತಿದ್ದೆ, ಸಂತೋಷಕ್ಕೇ.

ಆದರೆ ನೀನು ಅದರ ಜೊತೆ ಒಂದು ವಾರ ಇದ್ದೆ, ನಾನು ದಿನಾ ಇರುತ್ತೇನೆ. ಆ ದನಿಗೆ ಏರಿಳಿತವೇ ಇಲ್ಲ. ಅಪ್ಪ ಊಟ ಆಯ್ತಾ ಎಂದು ಕೇಳಿದರೆ ಪೊಲೀಸಿನವರು ವಿಚಾರಿಸಿದ ಹಾಗಿರುತ್ತದೆ. ಮೊದಲೇ ಜೀವಮಾನವೆಲ್ಲ ಡ್ರೈವಿಂಗ್ ಶಾಲೆಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ಬ್ರೇಕು, ಕ್ಲಚ್ಚು, ಕನ್ನಡಿ ನೋಡು ಎಂದು ಹೇಳಿ ಅಭ್ಯಾಸವಾದವರು. ಈಗ ಮನೆಯೇ ಕಾರು, ನಾನೇ ಎಲ್.ಬೋರ್ಡು. ಒಗ್ಗರಣೆ ಹಾಕುವಾಗ ಹಾಡು ಗುನುಗಿದರೆ ನಡುಮನೆಯಿಂದ ಶ್ರುತಿ ಇಲ್ಲ ಎಂದು ಬರುತ್ತದೆ.

ಶನಿವಾರ ಸಂಜೆ ಅಂಗಡಿಯಿಂದ ಬಂದಾಗ ಮನೆ ನಿಶ್ಶಬ್ದವಾಗಿತ್ತು. ಅಡುಗೆ ಮಾಡುತ್ತ ಒಂದು ಹಾಡನ್ನು ಪೂರ್ತಿ ಹಾಡಿದೆ. ಯಾರೂ ಏನೂ ಅನ್ನಲಿಲ್ಲ. ಎಂಥಾ ಹಗುರ ಅನ್ನಿಸಿತು ಗೊತ್ತಾ. ಪಾಪಿ ನಾನು.

ಭಾನುವಾರ ನಿನಗೆ ಲೈನು ಸಿಕ್ಕಿತು. ನೀನು ಸಮಾಧಾನವಾಗಿ ಹೇಳಿಕೊಟ್ಟೆ. ಹೊಸ ಕರ್ನಲ್, ಅಂದರೆ ಲಿನಕ್ಸಿನ ಒಳತಿರುಳು, ಬಂದು ಕೂತಿದೆ, ಪರದೆಯ ಮೇಲೆ ಚಿತ್ರ ಮೂಡಿಸುವ ಡ್ರೈವರು ಅದಕ್ಕೆ ಹೊಂದಿಕೊಂಡಿಲ್ಲ, ಅಷ್ಟೇ. ಹಳೆಯ ಕರ್ನಲ್ ಒಳಗೇ ಇರುತ್ತದೆ. ಸ್ವಿಚ್ ಹಾಕಿ ಕಂಪನಿಯ ಗುರುತು ಬಂದು ಹೋದ ತಕ್ಷಣ ಎಸ್ಕೇಪ್ ಕೀ ಒತ್ತು. ಪಟ್ಟಿ ಬರುತ್ತದೆ. ಎರಡನೇ ಸಾಲಿನೊಳಗೆ ಹೋಗಿ ಹಳೆಯದನ್ನು ಆರಿಸು. ನಾನು ಬರುವವರೆಗೆ ದಿನಾ ಹಾಗೇ ಮಾಡು. ಪಕ್ಕದಲ್ಲಿ ಅಪ್ಪ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಅವತ್ತು ನಿಜವಾಗಿಯೂ ಆಗಲಿಲ್ಲ. ಕೀ ಒತ್ತುವುದು ಒಮ್ಮೆ ತಡವಾಯಿತು, ಇನ್ನೊಮ್ಮೆ ಜಾಸ್ತಿಯಾಗಿ ಬೇರೆಯದೇ ಕಪ್ಪು ಪರದೆ ಬಂದು ಏನೋ ಬರೆ ಎಂದು ಕಾಯುತ್ತ ಕೂತಿತು. ಅಪ್ಪ ನನ್ನ ಭುಜ ತಟ್ಟಿ, ಇರಲಿ ಬಿಡು ಎನ್ನುವ ಹಾಗೆ ಕೈ ಆಡಿಸಿದರು.

ಇಲ್ಲಿಯವರೆಗಿನದನ್ನು ನೀನು ಕ್ಷಮಿಸಬಹುದು.

ಸೋಮವಾರ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಇನ್ನೊಮ್ಮೆ ನೋಡೋಣವೆಂದು ಕೂತೆ. ಪಟ್ಟಿ ಬಂತು. ಹಳೆಯದನ್ನು ಆರಿಸಿದೆ. ಸಾಲು ಸಾಲು ಅಕ್ಷರ ಓಡಿ, ನೀನು ಹಾಕಿದ್ದ ಹಸಿರು ಗುಡ್ಡದ ಚಿತ್ರ ಬಂದೇಬಿಟ್ಟಿತು. ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಅಪ್ಪಾ, ಬಂತು ಎಂದು ಕೂಗಲು ಬಾಯಿ ತೆರೆದೆ. ಕೂಗಲಿಲ್ಲ. ಸ್ಪೀಕರಿನ ಸದ್ದು ಪೂರ್ತಿ ತಗ್ಗಿಸಿ, ಕಂಪ್ಯೂಟರನ್ನು ಆರಿಸಿಬಿಟ್ಟೆ. ಮತ್ತೆ ಯಾರು ಸ್ವಿಚ್ ಹಾಕಿದರೂ ಹೊಸ ಕರ್ನಲ್ಲೇ ಬರುತ್ತದೆ, ಪರದೆ ಕಪ್ಪಾಗೇ ಇರುತ್ತದೆ ಎಂದು ನೀನೇ ಹೇಳಿದ್ದೆಯಲ್ಲ. ಅಪ್ಪ ಟವೆಲ್ ಸುತ್ತಿಕೊಂಡು ಬಂದು ಹುಬ್ಬಿನಲ್ಲೇ ಕೇಳಿದರು. ಇಲ್ಲಪ್ಪ, ಆಗ್ತಾ ಇಲ್ಲ ಎಂದೆ. ನಾಲಿಗೆ ಒಂಚೂರೂ ತೊದಲಲಿಲ್ಲ.

ಯಾಕೆ ಎಂದು ನೀನು ಕೇಳುತ್ತೀಯ. ಗುರುವಾರ ಮಧ್ಯಾಹ್ನ ಒಬ್ಬರನ್ನು ಮನೆಗೆ ಕರೆಯುವುದಿತ್ತು.

ನೀನು ಪ್ಲಸ್ಸು-ಮೈನಸ್ಸು ಎಂದು ಹೆಸರಿಟ್ಟು ನಗುತ್ತಿದ್ದೆಯಲ್ಲ, ನಮ್ಮ ಕನ್ನಡಕದ ಅಂಗಡಿಗೆ ಲೆನ್ಸ್ ಕತ್ತರಿಸಿ ಕೊಡುವವರು, ಅವರೇ. ಫ್ರೇಮು ಹಿಡಿದುಕೊಂಡು ಬೆಳಕಿಗೆ ಎತ್ತಿ ನೋಡುವಾಗ ಒಂದು ಕಣ್ಣು ಮುಚ್ಚುತ್ತಾರೆ. ಅವರ ಬಗ್ಗೆ ಇನ್ನೇನು ಬರೆಯಲಿ, ಈ ವಯಸ್ಸಿನಲ್ಲಿ ನಾಚಿಕೆಯಾಗುತ್ತದೆ. ಒಮ್ಮೆ ಮನೆಗೆ ಬಂದಿದ್ದರು, ನಾನು ನಿನಗೆ ಹೇಳಿರಲಿಲ್ಲ. ಅವರು ಕೂತು ಸ್ವಲ್ಪ ಹೊತ್ತಾಗಿತ್ತು, ಅಪ್ಪ ಟೈಪ್ ಮಾಡಿದರು. ಆ ದನಿ ಮನೆ ತುಂಬ ಮೊಳಗಿತು: "ಇವರು ಇನ್ನೂ ಎಷ್ಟು ಹೊತ್ತು ಇರುತ್ತಾರೆ." ಅವರು ಚಹಾದ ಕಪ್ಪನ್ನು ಅಲ್ಲೇ ಇಟ್ಟು ಎದ್ದರು. ಅಪ್ಪ ಹೋಗಲಿ ಎಂದು ಹೇಳಿದ್ದೋ, ಊಟಕ್ಕೆ ಇರುತ್ತಾರಾ ಎಂದು ಕೇಳಿದ್ದೋ, ನಾನು ಇವತ್ತಿನವರೆಗೂ ವಿಚಾರಿಸಿಲ್ಲ. ಹೋಗಲಿ ಎಂದದ್ದೇ ಎಂದು ಇಟ್ಟುಕೊಂಡೆ. ಮುನಿಸಿಕೊಳ್ಳಲು ಅದೇ ಅನುಕೂಲವಾಗಿತ್ತು.

ಅವರು ಮತ್ತೆ ಬರಲು ಒಪ್ಪಿದ್ದೇ ದೊಡ್ಡದು. ಈ ಸಲವಾದರೂ ಯಾರೂ ಏನೂ ಅನ್ನದ ಒಂದು ಮಧ್ಯಾಹ್ನ ಬೇಕಿತ್ತು ನನಗೆ. ಅಷ್ಟಕ್ಕಾಗಿ ಅಪ್ಪನ ಬಾಯಿ ಮುಚ್ಚಿಸಿದೆ.

ಸೋಮವಾರದಿಂದ ಗುರುವಾರದವರೆಗೆ ಅಪ್ಪ ಹೇಗಿದ್ದರು ಎಂದು ಬರೆಯಲು ಕೈ ಬರುವುದಿಲ್ಲ. ಬೆಳಿಗ್ಗೆ ಎದ್ದು, ಶರ್ಟು ಹಾಕಿ, ಗುಂಡಿಗಳನ್ನೆಲ್ಲ ಕಷ್ಟಪಟ್ಟು ಹಾಕಿಕೊಂಡು, ಆ ಕಪ್ಪು ಪರದೆಯ ಮುಂದೆ ಹೋಗಿ ಕೂರುತ್ತಿದ್ದರು. ತಾವೇ ಸ್ವಿಚ್ ಹಾಕಿ, ಬಿಳಿ ಗೆರೆ ಬಂದದ್ದನ್ನು ನೋಡಿ, ಆರಿಸುತ್ತಿದ್ದರು. ಹೊಟ್ಟೆ ತುಂಬಿತಾ, ಚಳಿಯಾ, ಫ್ಯಾನ್ ಹಾಕಲಾ ಎಂದು ನಾನು ಕೇಳಿದರೆ ತಲೆ ಆಡಿಸುವುದು, ಅಷ್ಟೇ. ಬುಧವಾರ ಸೊಂಟ ಹಿಡಿದುಕೊಂಡಿತ್ತು, ನನಗೆ ಗೊತ್ತಾದದ್ದು ಅವರು ಗೋಡೆ ಹಿಡಿದು ನಡೆಯುವುದನ್ನು ಕಂಡಾಗ. ಆಗಲಾದರೂ ಸರಿಮಾಡಿ ಕೊಡಬಹುದಿತ್ತು. ಇನ್ನೊಂದೇ ದಿನ ಎಂದುಕೊಂಡು ಸೊಂಟಕ್ಕೆ ಮುಲಾಮು ತಿಕ್ಕಿದೆ.

ಗುರುವಾರ ಲೆನ್ಸಿನವರು ಬಂದರು. ಇಸ್ತ್ರಿ ಮಾಡಿದ ಅಂಗಿ. ಕಂಪ್ಯೂಟರ್ ಕೆಟ್ಟಿದೆ, ಅಪ್ಪನಿಗೆ ಮಾತಾಡಲು ಆಗುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಅವರು ಪಾಪ, ಕಿವುಡರ ಹತ್ತಿರ ಮಾತಾಡಿದ ಹಾಗೆ ಜೋರಾಗಿ ನಮಸ್ಕಾರ ಎಂದರು. ಅಪ್ಪ ನಕ್ಕರು. ಚಹಾ ಕೊಟ್ಟೆ. ಅಂಗಡಿಯ ಮಾತು, ಹೊಸ ಮೆಷಿನ್ನಿನ ಮಾತು, ಎಲ್ಲ ಚೆನ್ನಾಗೇ ನಡೆಯುತ್ತಿತ್ತು.

ಆಗ ಅಪ್ಪ ಬೆರಳಿನಿಂದ ಮೇಜು ಕುಟ್ಟಿದರು. ಇಬ್ಬರೂ ತಿರುಗಿದೆವು. ಅಪ್ಪನಿಗೇನೋ ಹೇಳುವುದಿತ್ತು. ತುಟಿ ಆಡಿಸಿದರು, ಅರ್ಥವಾಗಲಿಲ್ಲ. ಕೊನೆಗೆ ಅಭ್ಯಾಸಬಲವೋ ಏನೋ, ಕುರ್ಚಿ ತಿರುಗಿಸಿಕೊಂಡು ಆ ಸತ್ತ ಕೀಬೋರ್ಡಿನ ಮೇಲೆ ಟೈಪ್ ಮಾಡತೊಡಗಿದರು. ಒಂದೊಂದೇ ತೂತಿಗೆ ಬೆರಳಿಟ್ಟು, ನಿಧಾನವಾಗಿ, ತಪ್ಪಿದಲ್ಲಿ ಅಳಿಸಿ ಮತ್ತೆ ಒತ್ತುತ್ತ, ಪೂರ್ತಿ ಒಂದು ವಾಕ್ಯ. ಎಂಟರ್ ಒತ್ತಿದರು. ಆಮೇಲೆ ತಿರುಗಿ ಬಂದವರ ಮುಖ ನೋಡಿದರು, ಉತ್ತರಕ್ಕೆ ಕಾಯುವವರ ಹಾಗೆ.

ಅವರು ನನ್ನ ಮುಖ ನೋಡಿದರು.

ನಾನು, "ಚಹಾ ಆರಿಹೋಗುತ್ತೆ, ಕುಡೀರಿ ಅಂತಿದ್ದಾರೆ" ಎಂದೆ.

ಇಲಿ, ಆಗ ಅಪ್ಪ ನನ್ನನ್ನು ನೋಡಿದ್ದನ್ನು ಹೇಗೆ ಹೇಳಲಿ. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಗೊತ್ತಿಲ್ಲದವರ ಮನೆಗೆ ಬಂದುಬಿಟ್ಟೆನೇನೋ ಎನ್ನುವ ಹಾಗೆ ನೋಡಿದರು. ಇದ್ದೊಂದು ಮಾತನ್ನು ಕಿತ್ತುಕೊಂಡದ್ದು ಸಾಲದು ಎಂದು, ಅದರ ಜಾಗದಲ್ಲಿ ನನ್ನ ಮಾತನ್ನು ಇಟ್ಟಿದ್ದೆ. ಆ ಮಾತನ್ನು ನಂಬಿ ಲೆನ್ಸಿನವರು ಥ್ಯಾಂಕ್ಸ್ ಸಾರ್ ಎಂದು ಹೇಳಿ ಚಹಾ ಕುಡಿದರು. ಕುಡಿದ ಮೇಲೆ, ನಾನು ಸ್ವಲ್ಪ ನೋಡಲಾ, ನಮ್ಮ ವರ್ಕ್‌ಶಾಪಿನಲ್ಲೂ ಅಪ್‌ಡೇಟ್ ಆದಾಗ ಹೀಗೇ ಆಗಿತ್ತು ಎಂದು ಕಂಪ್ಯೂಟರಿನ ಕಡೆ ಎದ್ದರು. ಬೇಡ ಎಂದೆ. ಸ್ವಲ್ಪ ಜೋರಾಗೇ ಅಂದುಬಿಟ್ಟೆ. ಅವರು ತಬ್ಬಿಬ್ಬಾಗಿ ಕೂತರು. ಹೆಚ್ಚು ಹೊತ್ತು ಇರಲಿಲ್ಲ.

ಅವರನ್ನು ಗೇಟಿನವರೆಗೆ ಕಳಿಸಿ ಬಂದವಳೇ ಕಂಪ್ಯೂಟರಿನ ಮುಂದೆ ಕೂತೆ. ಅಪ್ಪ ಪಕ್ಕದಲ್ಲೇ ಇದ್ದರು. ಸ್ವಿಚ್ ಹಾಕಿದೆ, ಗುರುತು ಹೋದ ತಕ್ಷಣ ಎಸ್ಕೇಪ್, ಎರಡನೇ ಸಾಲು, ಹಳೆಯದು. ಹಸಿರು ಗುಡ್ಡ ಬಂತು. ಒಂದು ಬೆರಳೂ ತಡವರಿಸಲಿಲ್ಲ. ಎಷ್ಟೋ ಜನರಿಗೆ ಗೇರು ಹಾಕುವುದನ್ನು ಕಲಿಸಿದ ಮನುಷ್ಯ ಅಪ್ಪ, ಮೊದಲ ಸಲ ಮಾಡುವವರ ಕೈ ಹೇಗಿರುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ತಗ್ಗಿಸಿದ್ದ ಸದ್ದನ್ನು ಏರಿಸಿದ್ದೂ ನಾನೇ. ಆದರೂ ಈಗ ತಾನೇ ಹೊಳೀತಪ್ಪ ಎಂದೆ. ಅಪ್ಪ ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು.

ಸ್ವಲ್ಪ ಹೊತ್ತು ಬಿಟ್ಟು, ಅವರಿಗೆ ಏನು ಹೇಳಬೇಕಿತ್ತಪ್ಪ ಎಂದು ಕೇಳಿದೆ. ಅಪ್ಪ ಟೈಪ್ ಮಾಡಿದರು. ಅಷ್ಟು ದಿನದ ಮೇಲೆ ಆ ದನಿ ಬಂತು.

"ಅದು ಅವರಿಗೆ ಹೇಳಿದ್ದು."

ಅಷ್ಟೇ. ಅವತ್ತಿನಿಂದ ಸೋಪಿನ ಪುಡಿ, ಕಿಟಕಿ, ಕಾರು, ಯಾವುದರ ಮಾತೂ ಇಲ್ಲ. ಬೇಕಾದ್ದನ್ನು ಮಾತ್ರ ಕೇಳುತ್ತಾರೆ. ನೀರು. ಮಾತ್ರೆ. ದೀಪ ಆರಿಸು. ದಿನಾ ಬೆಳಿಗ್ಗೆ ಅವರ ಎದುರಿಗೇ ಆ ಪಟ್ಟಿಯಿಂದ ಹಳೆಯದನ್ನು ಆರಿಸಿ ಕೊಡುತ್ತೇನೆ. ಅಷ್ಟು ಹೊತ್ತೂ ಅವರು ನನ್ನ ಬೆರಳುಗಳನ್ನು ನೋಡುತ್ತಾರೆ. ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಬೇಕೆಂದೇ ಶ್ರುತಿ ತಪ್ಪಿಸಿ ಹಾಡಿದೆ. ನಡುಮನೆಯಿಂದ ಏನೂ ಬರಲಿಲ್ಲ.

ಅವರಿಗೆ ಎಲ್ಲ ಗೊತ್ತಿದೆ ಎಂದು ನನಗೆ ಗೊತ್ತು. ಆದರೂ ಬಾಯಿ ಬಿಟ್ಟು ಹೇಳಲು ಆಗುತ್ತಿಲ್ಲ. ಎದುರಿಗೆ ಹೋಗಿ ನಿಲ್ಲುತ್ತೇನೆ, ಊಟಕ್ಕೆ ಬಡಿಸಲಾ ಎಂದು ಕೇಳಿ ವಾಪಸು ಬರುತ್ತೇನೆ. ಬಾಯಿ ಇದ್ದೂ ನನ್ನ ಪಾಡು ಹೀಗಾಗಿದೆ. ನೀನಾದರೂ ಬೈದು ಬರಿ. ಸಮಾಧಾನ ಮಾಡಬೇಡ. ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು, ಹೊತ್ತಿಗೆ ಸರಿಯಾಗಿ ಊಟ ಮಾಡು. ರಜೆ ಸಿಕ್ಕಿದ ಕೂಡಲೇ ಬಾ.

ನಿನ್ನ ಶಭಾಷ್‌ಗೆ ಯೋಗ್ಯಳಲ್ಲದ,
ಅಕ್ಕ

ಮರೆತ ಮಾತು: ಈ ಕಾಗದವನ್ನು ಅಪ್ಪನ ಕಂಪ್ಯೂಟರಿನಲ್ಲೇ ಟೈಪ್ ಮಾಡಿದೆ. ಮುಗಿದ ಮೇಲೆ ಸದ್ದು ಜಾಸ್ತಿ ಮಾಡಿ, ಮೊದಲಿನಿಂದ ಓದು ಎಂದು ಅದಕ್ಕೆ ಕೊಟ್ಟು ಅಡುಗೆಮನೆಯಲ್ಲಿ ಬಾಗಿಲ ಹಿಂದೆ ನಿಂತೆ. ಅಪ್ಪ ತಮ್ಮ ಕೋಣೆಯಿಂದ ಬಂದು ಕುರ್ಚಿಯಲ್ಲಿ ಕೂತು ನನ್ನ ಸಹಿಯವರೆಗೂ ಕೇಳಿದರು. ನನ್ನ ತಪ್ಪೆಲ್ಲವನ್ನೂ ಅವರ ದನಿಯಲ್ಲೇ ಕೇಳಿದೆ ನಾನೂ. ಆಮೇಲೆ ಬಹಳ ಹೊತ್ತು ಕೀಲಿಗಳ ಸದ್ದು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಅವರನ್ನು ಇನ್ನೊಂದು ಸಲ ಕರಿ. ಈ ಸಲ ನಾನು ಇರುವಾಗ."