ಕದಗಂಟೆ ಬಾರಿಸದೆ ಕಳೆದ ಎಪ್ಪತ್ತು ನಿಮಿಷ

ಹೊನ್ನಾವರ,
ಇಸವಿ ೨೧೮೬, ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ

ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ,

ನಿಮ್ಮ ಪಂಚಾಂಗದಲ್ಲಿ ಇಂಥ ದಿನವಿಲ್ಲವೆಂದು ಬಲ್ಲೆ. ನಮ್ಮ ಮಳೆಗಾಲ ಈಗ ಎರಡು ತುಂಡಾಗಿದೆ. ನಡುವಿನ ನಲವತ್ತು ದಿನದ ಬಿಸಿಲಿಗೆ ನಾವು ಎರಡನೆಯ ಬೇಸಿಗೆ ಎನ್ನುತ್ತೇವೆ. ಇಂಥ ಇನ್ನೂ ಒಂದೆರಡು ಮಾತು ಮುಂದೆ ಬಂದಾವು, ಮನ್ನಿಸಿ.

ನಾನು ಶೇವಂತಿ ಮುಕ್ರಿ. ಇಲ್ಲಿನ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದೆ, ಒಂಬತ್ತು ವರ್ಷ ಏಳ್ನಾಡು ಪರೀಕ್ಷೆಯ ಕೇಂದ್ರ ನಡೆಸಿದೆ. ನೆರೆಹೊರೆಯ ಏಳು ದೇಶಗಳ ಹದಿನಾರರ ಮಕ್ಕಳು ಒಂದೇ ದಿನ, ಒಂದೇ ಗಳಿಗೆಗೆ, ಒಂದೇ ಪ್ರಶ್ನೆಗಳಿಗೆ ತಂತಮ್ಮ ಭಾಷೆಯಲ್ಲಿ ಉತ್ತರ ಬರೆಯುವ ಪರೀಕ್ಷೆ ಅದು. ಎರಡು ವರ್ಷಕ್ಕೊಮ್ಮೆ ಬರುತ್ತದೆ, ಸಂಜೆಯವರೆಗೆ ನಡೆಯುತ್ತದೆ. ಪಾಸಾದವರು ಏಳರಲ್ಲಿ ಯಾವ ದೇಶದಲ್ಲಾದರೂ ಓದಬಹುದು, ನೆಲೆಸಬಹುದು. ಮೊದಲ ಒಂದು ಗಂಟೆ ಯಾರೂ ಕೋಣೆ ಬಿಡುವಂತಿಲ್ಲ. ಆಮೇಲೆ ಏಳು ದೇಶಗಳಲ್ಲಿ ಎಲ್ಲೇ ಆಗಲಿ, ಒಬ್ಬ ವಿದ್ಯಾರ್ಥಿ ಹೊಸ್ತಿಲು ದಾಟಿದರೂ ಸಾಕು, ಎಲ್ಲ ಕೇಂದ್ರಗಳಲ್ಲೂ ಒಟ್ಟಿಗೆ ಗಂಟೆ ಬಾರಿಸುತ್ತದೆ. ಅದೇ ಕದಗಂಟೆ. ಅದು ಬಾರಿಸುವವರೆಗೆ ತಡವಾಗಿ ಬಂದವರೂ ಒಳಗೆ ಬರಬಹುದು; ಬಾರಿಸಿದ ಮೇಲೆ ಪ್ರವೇಶವಿಲ್ಲ. ಹೊರಬಿದ್ದವರು ಪ್ರಶ್ನೆ ಹೇಳಿಬಿಟ್ಟಾರೆಂಬ ಭಯ.

ಹನ್ನೆರಡು ವರ್ಷದ ಹಿಂದಿನ ಪರೀಕ್ಷೆಯಲ್ಲಿ ಮಾಲ್ಡೀವ್ಸ್‌ನ ಒಂದು ನಡುಗಡ್ಡೆಯಿಂದ ಮೂವತ್ತೊಂದು ಮಕ್ಕಳು ನಮ್ಮಲ್ಲಿ ಬಂದು ಬರೆಯಬೇಕಿತ್ತು. ಅವರ ಶಾಲೆ ಕಡಲ ಪಾಲಾಗಿತ್ತು; ವರ್ಷದೊಳಗೆ ಊರನ್ನೇ ಖಾಲಿ ಮಾಡುವವರಿದ್ದರು. ಪಾಸಾಗದ ಮಕ್ಕಳಿಗೆ ನಿರಾಶ್ರಿತರ ಡೇರೆಯೇ ಗತಿ. ಬೆಳಿಗ್ಗೆ ಒಂಬತ್ತಕ್ಕೆ ಪ್ರಶ್ನೆಪತ್ರಿಕೆ ಒಡೆದೆವು. ಅವರ ದೋಣಿ ಮಾತ್ರ ಶರಾವತಿಯ ಅಳಿವೆಯಾಚೆ, ಮರಳದಿಣ್ಣೆ ದಾಟಲಾರದೆ ಭರತಕ್ಕೆ ಕಾಯುತ್ತ ನಿಂತಿತ್ತು. ಮಾಳಿಗೆಯಲ್ಲಿದ್ದ ನನ್ನ ಕೋಣೆಯ ಕಿಟಕಿಯಿಂದ ಅದು ಕಾಣುತ್ತಿತ್ತು. ನೀರೇರಲು ಹನ್ನೊಂದಾಗುತ್ತದೆ ಎಂದರು ಬಂದರಿನವರು. ನಾನು ಪರೀಕ್ಷಾ ಮಂಡಳಿಗೆ ತಿಳಿಸಿದೆ. ಸಾಧ್ಯವಾದರೆ ದೋಣಿ ಬರುವವರೆಗೆ ಯಾರನ್ನೂ ಹೊರಗೆ ಬಿಡಬೇಡಿ ಎಂದು ಮಂಡಳಿ ಎಲ್ಲ ಕೇಂದ್ರಗಳನ್ನು ಕೇಳಿಕೊಂಡಿತು. ಹತ್ತು ಹೊಡೆಯಿತು. ಎಲ್ಲಿಂದಲೂ ಗಂಟೆಯಿಲ್ಲ.

ಹತ್ತೂ ಕಾಲಿಗೆ ನನ್ನದೇ ಕೋಣೆಯಲ್ಲಿ ಸುಗಂಧಿ ಅಂಬಿಗ ಎದ್ದು ನಿಂತಳು. ಹೊಟ್ಟೆಯ ಬಲಗಡೆ ಒತ್ತಿ ಹಿಡಿದಿದ್ದಳು, ಮುಖ ಬಿಳಿಚಿತ್ತು.

"ಅಕ್ಕೋರೆ, ಬ್ಯಾನೆ ತಡಕಳ್ಳೂಕೆ ಆಗುದಿಲ್ಲ. ಮನಿಗೆ ಹೋಗ್ತೆ."

ಕೇಂದ್ರದ ನರ್ಸ್ ಮುಟ್ಟಿ ನೋಡಿ, "ಆಸ್ಪತ್ರೆಗೆ ಕರ್ಕಂಡು ಹೋದ್ರೆ ಒಳ್ಳೇದು" ಎಂದರು. ಹೊರಗಿನ ವೈದ್ಯರನ್ನು ಒಳಗೆ ಕರೆಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಸುಗಂಧಿಯನ್ನು ಕೋಣೆಯ ಮೂಲೆಯ ಬೆಂಚಿನ ಮೇಲೆ ಮಲಗಿಸಿ, ಕಿವಿಯ ಹತ್ತಿರ ಬಾಗಿ, ದೋಣಿಯ ವಿಷಯ ಹೇಳಿ, ಅದು ಬರುವವರೆಗೆ ಇರುತ್ತೀಯಾ ಎಂದು ಕೇಳಿದೆ.

"ಎಷ್ಟ್ ಜನ ಇದ್ರು?" ಎಂದಳು.

"ಮೂವತ್ತೊಂದು."

ಕಣ್ಣು ಮುಚ್ಚಿದಳು. "ಅಡ್ಡಿಲ್ಲ. ಇರ್ತೆ."

ಅವಳ ಬೆವರು ಒರೆಸುತ್ತ ಕೂತೆ. ಮೂರು ಸಲ ವಾಂತಿಯಾಯಿತು. ಉಳಿದ ಮಕ್ಕಳು ತಲೆಯೆತ್ತಿ ನೋಡುವುದು, ಮತ್ತೆ ಬರೆಯುವುದು. ಹತ್ತೂ ಐವತ್ತರ ಹೊತ್ತಿಗೆ ಅವಳು ನೋವು ಹೋಯಿತೆಂದಳು. ನಾನು ನಿಟ್ಟುಸಿರು ಬಿಟ್ಟೆ. ನರ್ಸ್‌ಗೆ ಸಮಾಧಾನವಾಗಲಿಲ್ಲ. ಒಮ್ಮೆಲೇ ನೋವು ಹೋಗುವುದು ಒಳ್ಳೆಯ ಲಕ್ಷಣವಲ್ಲವೆಂದು ಅವರು ಪಿಸುಗುಟ್ಟಿದರು. ಆಗಲೂ ನಾನು ಬಾಗಿಲು ತೆಗೆಯಲಿಲ್ಲ. ದೋಣಿ ಅಳಿವೆ ದಾಟಿ ಹೊಳೆಗೆ ಬಂದಿತ್ತು.

ಹನ್ನೊಂದೂ ಹತ್ತಕ್ಕೆ ಮೂವತ್ತೊಂದು ಮಕ್ಕಳು ಒದ್ದೆ ಬಟ್ಟೆಯಲ್ಲೇ ಒಳಗೆ ಬಂದು ಕೂತರು. ಕೊನೆಯವನು ಕೂತ ಕೂಡಲೇ ಸುಗಂಧಿಯನ್ನು ಹೊತ್ತು ಹೊಸ್ತಿಲು ದಾಟಿದೆವು. ಏಳು ದೇಶಗಳಲ್ಲಿ ಗಂಟೆ ಬಾರಿಸಿತು.

ಅವಳ ಅಪೆಂಡಿಕ್ಸ್ ಒಡೆದಿತ್ತು. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಬರೆದು ಮುಗಿಸದ ಉತ್ತರಪತ್ರಿಕೆಗೆ ಅಂಕವಿಲ್ಲ. ಎರಡು ವರ್ಷ ಕಾದಳು. ನಡುಗಡ್ಡೆಯ ಮಕ್ಕಳಲ್ಲಿ ಇಪ್ಪತ್ತೆಂಟು ಮಂದಿ ಪಾಸಾದರು. ಸುದ್ದಿಪತ್ರಿಕೆಯವರು ನನ್ನ ಚಿತ್ರ ಹಾಕಿದರು. ಆಸ್ಪತ್ರೆಯ ಜಗಲಿಯಲ್ಲಿ ಸುಗಂಧಿಯ ತಾಯಿ ಹೊನ್ನಮ್ಮ ಮಾತ್ರ ನನ್ನ ಕಡೆ ನೋಡದೆ ಹೇಳಿದರು: "ಅವ್ಳು ಹೂಂ ಅಂದದ್ದು ದೊಡ್ಡದು, ಅಕ್ಕೋರೆ. ನೀವು ಅವ್ಳನ್ನ ಅದ್ನ ಕೇಳ್ಬಾರ್ದಾಗಿತ್ತು."

ಹನ್ನೆರಡು ವರ್ಷವಾಯಿತು. ಕಾಯಿಲೆಯವರಿಗೆ ಬೇರೊಂದು ಬಾಗಿಲಿರಲಿ, ಅದಕ್ಕೆ ಗಂಟೆ ಕಟ್ಟಬೇಡಿ ಎಂದು ಮೂರು ಸಲ ಅರ್ಜಿ ಬರೆದೆ. ಮೂಲ ಒಡಂಬಡಿಕೆ ತಿದ್ದಲು ಏಳು ದೇಶಗಳೂ ಒಪ್ಪಬೇಕಂತೆ. ಒಂದಲ್ಲ ಒಂದು ಒಪ್ಪುವುದಿಲ್ಲ.

ಆ ಒಡಂಬಡಿಕೆ ನಿಮ್ಮ ಕಾಲದಲ್ಲಿ ಇನ್ನೂ ಬರೆದಾಗಿಲ್ಲ. ಬರೆಯುವವರು ನಿಮ್ಮ ಮಕ್ಕಳು, ಮೊಮ್ಮಕ್ಕಳು. ದೇಶಗಳು ಕೂಡಿ ಮಕ್ಕಳಿಗೊಂದು ಪರೀಕ್ಷೆ ಮಾಡುವುದು ಒಳ್ಳೆಯ ಕೆಲಸ, ಅದನ್ನು ಬಿಡಬೇಡಿ. ಕಳ್ಳತನ ತಡೆಯುವ ನಿಯಮ ಬರೆಯುವಾಗ ಮಾತ್ರ, ಹೊಟ್ಟೆನೋವಿನ ಮಗುವೊಂದು ಆ ಕೋಣೆಯಲ್ಲಿ ಇದ್ದೇ ಇರುತ್ತದೆಂದು ಅವರಿಗೆ ಈಗಲೇ ಹೇಳಿಡಿ. ನಾನು ಸುಗಂಧಿಯನ್ನು ಕೇಳಿದ್ದನ್ನು ಇನ್ನೊಬ್ಬ ಅಕ್ಕೋರು ಇನ್ನೊಂದು ಮಗುವನ್ನು ಕೇಳುವಂತಾಗದಿರಲಿ.

ಶೇವಂತಿ ಮುಕ್ರಿ