ಪಂಚಾಂಗ ಹಿಂದಕ್ಕೆ ಹೋದ ವರ್ಷ

ಸುರಪುರ
೭ ಸೆಪ್ಟೆಂಬರ್ ೨೦೨೫, ಭಾನುವಾರ

ಚಿರಂಜೀವಿ ಅಂಜನಾಳಿಗೆ,

ನಿನ್ನ ಅಪ್ಪ ಸಾಬಣ್ಣ ಬರೆಯುತ್ತಿದ್ದೇನೆ. ನೀನೂ ಭೀಮೇಶನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಅಳಿಯನ ಹೆಸರನ್ನು ನನ್ನ ಕೈ ಬರೆದದ್ದು ಇದೇ ಮೊದಲು. ನೀನು ಮನೆ ಬಿಟ್ಟು ಹೋಗಿ ಅವನನ್ನು ಮದುವೆಯಾದ ಮೇಲೆ ಬರೆದ ಒಂಬತ್ತು ಪತ್ರಗಳೂ ಇಲ್ಲಿಗೆ ತಲುಪಿವೆ. ಒಂದಕ್ಕೂ ನಾನು ಉತ್ತರ ಬರೆಯಲಿಲ್ಲ. ಒಂಬತ್ತು ವರ್ಷದ ತಡಕ್ಕೆ ಯಾವ ನೆಪ ಹೇಳಿದರೂ ನೀನು ನಂಬುವುದಿಲ್ಲ, ಹಾಗಾಗಿ ಹೇಳುವುದಿಲ್ಲ. ನೀವಿರುವ ಯಾದಗಿರಿ ಇಲ್ಲಿಂದ ಒಂದು ಹೊತ್ತಿನ ಬಸ್ ಪ್ರಯಾಣ. ಜಿಲ್ಲಾ ಕಚೇರಿಯ ಕೆಲಸಕ್ಕೆ ಎಷ್ಟೋ ಸಲ ಬಂದಿದ್ದೇನೆ. ಭೀಮಾ ಸೇತುವೆ ಬಂದಾಗ ಕಿಟಕಿಯಿಂದ ಮುಖ ತಿರುಗಿಸಿ ಕುಳಿತುಕೊಳ್ಳುತ್ತಿದ್ದೆ. ನಿಮ್ಮ ಮನೆ ಹೊಳೆಯ ದಂಡೆಯಲ್ಲೇ ಇದೆ, ಭೀಮೇಶ ಅಲ್ಲೇ ಮೀನಿಗೆ ಬಲೆ ಹಾಕುತ್ತಾನೆ ಎಂದು ಗೊತ್ತಿತ್ತು.

ಕಾಲುವೆ ಆಫೀಸಿನಿಂದ ನಿವೃತ್ತನಾಗಿ ಮೂರು ವರ್ಷವಾಯಿತು. ಬಿ.ಪಿ. ಗುಳಿಗೆ ಶುರುವಾಗಿದೆ. ರಸ್ತೆ ಅಗಲ ಮಾಡುವಾಗ ನಮ್ಮ ಮನೆ ಮುಂದಿನ ಕಟ್ಟೆ ಹೋಯಿತು, ನೀನು ಕುಳಿತು ಓದುತ್ತಿದ್ದೆಯಲ್ಲ, ಅದೇ. ಅವ್ವನಿಗೆ ಮೊಣಕಾಲು ನೋವು, ಉಳಿದಂತೆ ಗಟ್ಟಿಯಾಗಿದ್ದಾಳೆ. ಅವಳ ವಿಷಯಕ್ಕೆ ಬರುವ ಮೊದಲು ಲಕ್ಷ್ಮಿಕಾಂತರ ಪುಸ್ತಕದ ಅಂಗಡಿಯ ಸಂಗತಿ ಹೇಳಬೇಕು. ಊರಲ್ಲಿ ಅದನ್ನು ನಾನಾ ತರಹ ಹೇಳುತ್ತಿದ್ದಾರೆ. ನಿನಗೆ ನನ್ನಿಂದಲೇ ಗೊತ್ತಾಗಲಿ.

ಆ ಅಂಗಡಿಗೆ ನಾನು ಮೂವತ್ತೆಂಟು ವರ್ಷ ಹೋಗಿದ್ದೇನೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವುದು ರೂಢಿ. ಎದುರಿಗೇ ಪಂಚಾಂಗ, ಎಡಕ್ಕೆ ಸ್ತೋತ್ರ, ವ್ರತಕಥೆ, ಬಲಕ್ಕೆ ಶಾಲೆಯ ಪುಸ್ತಕ. ಲಕ್ಷ್ಮಿಕಾಂತರು ಪಂಚಾಂಗವನ್ನು ಕಣ್ಣಿಗೆ ಒತ್ತಿಕೊಂಡು ಆಮೇಲೆ ನಮ್ಮ ಕೈಗೆ ಕೊಡುತ್ತಿದ್ದರು. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಮಗ ಹುಣಸಗಿಯಲ್ಲಿ ಗೊಬ್ಬರದ ವ್ಯಾಪಾರ ಹಿಡಿದಿದ್ದರಿಂದ ಅಂಗಡಿ ಸೊಸೆ ಸುಮಲತಾಳ ಕೈಗೆ ಬಂತು.

ಈ ಯುಗಾದಿಗೆ ನಾನು ಹೋದಾಗ ಬಾಗಿಲಲ್ಲೇ ಒಂದು ಉದ್ದನೆಯ ಮೇಜು. ಅದರ ಮೇಲೆ ಹೊಸ ಪುಸ್ತಕಗಳು. ಒಂದರ ಮುಖಪುಟದ ಮೇಲೆ ಹೆಣ್ಣಿನ ದೇಹದ ಚಿತ್ರ, ಒಳಗೆ ಮುಟ್ಟಿನ ವಿಷಯ. ಇನ್ನೊಂದು ಗಂಡನನ್ನು ಬಿಟ್ಟು ಬಂದವಳ ಕಥೆ. ಮತ್ತೊಂದರಲ್ಲಿ ಇಬ್ಬರು ಗಂಡಸರು ಒಂದೇ ಮನೆಯಲ್ಲಿ ಸಂಸಾರ ಮಾಡುತ್ತಾರೆ. ಬೆಂಚು ಹಾಕಿ ‘ಕುಳಿತು ಓದಿ’ ಎಂದು ಬರೆಸಿದ್ದಳು. ಕಾಲೇಜಿನ ಹುಡುಗ ಹುಡುಗಿಯರು ಚಪ್ಪಲಿ ಹಾಕಿಕೊಂಡೇ ಅಕ್ಕಪಕ್ಕ ಕುಳಿತಿದ್ದರು. ನಾನು ಬರಿಗಾಲಲ್ಲಿ ನಿಂತಿದ್ದೆ.

“ಪಂಚಾಂಗ ಎಲ್ಲಿ ಇಟ್ಟೀಯವ್ವಾ?” ಅಂದೆ.

“ಹಿಂದ ಅದಾವ್ರಿ ಕಾಕಾ, ಪೆನ್ನಿನ ಬಾಜೂಕ. ತಡೀರಿ, ತಂದು ಕೊಡ್ತೀನಿ.”

“ನಿಮ್ಮ ಮಾವ ಇದ್ದಾಗ ಮುಂದ ಇರ್ತಿದ್ದವು.”

“ವರ್ಷಕ್ಕೊಮ್ಮೆ ಒಯ್ಯೂದು ಅಲ್ಲೇನ್ರಿ ಅದು. ಇವನ್ನ ದಿನಾ ಕೇಳಕೊಂಡು ಬರ್ತಾರ.”

ಅವಳ ಮಾತಿನಲ್ಲಿ ಅವಮಾನ ಇರಲಿಲ್ಲ. ಮೆಟ್ಟಿಲ ಕೆಳಗಿನ ಕತ್ತಲೆಗೆ ಬಗ್ಗಿ ಪಂಚಾಂಗ ತಂದಳು, ಸೆರಗಿನಿಂದ ಧೂಳು ಒರೆಸಿ ಕೊಟ್ಟಳು. ಆದರೆ ಆ ಧೂಳು ನನ್ನ ಮೇಲೆ ಬಿದ್ದಂತಾಯಿತು. ನನಗೆ ಗೊತ್ತಿದ್ದ ಜಾಗ ಒಂದಾದರೂ ಇತ್ತು, ಅದೂ ಹೋಯಿತು ಅನ್ನಿಸಿತು. ನಿವೃತ್ತ ಮಾಸ್ತರ ಗುರಪ್ಪನಿಗೆ ಹೇಳಿದೆ. ಅವನಿಗೂ ಅದೇ ಸಂಕಟ. “ಮೊಮ್ಮಗಳನ್ನ ಕರಕೊಂಡು ಹೋದ್ರ ಯಾವ ಕಡೆ ನೋಡಬ್ಯಾಡ ಅಂತ ಹೇಳೂದೋ ತಿಳೀವಲ್ದು,” ಅಂದ. ದಿನಾ ಸಂಜೆ ಚಹಾದಂಗಡಿಯಲ್ಲಿ ಇದೇ ಮಾತು. ಎಂಟು ಹತ್ತು ಮಂದಿ ಕೂಡಿಕೊಂಡೆವು. ಗುತ್ತಿಗೆದಾರ ಹಣಮೇಶ ತಾನಾಗಿಯೇ ಬಂದು ಕುಳಿತ. ಅವನು ಒಂದು ಪುಸ್ತಕವನ್ನಾದರೂ ಕೊಂಡದ್ದನ್ನು ನಾನು ಕಂಡಿಲ್ಲ. “ಹೇಳಿದ್ರ ಕೇಳೂದಿಲ್ಲ ಅಕಿ. ಬರದು ಕೊಡ್ರಿ, ಮುಂದಿಂದು ನಾ ನೋಡ್ಕೋತೀನಿ,” ಅಂದ.

ಅರ್ಜಿ ಬರೆದವನು ನಾನು. ಇಲಾಖೆಯಲ್ಲಿ ಮೂವತ್ತು ವರ್ಷ ಕರಡು ಬರೆದ ಕೈ. ‘ಹೆಣ್ಣುಮಕ್ಕಳಿಗೆ ಮನೆ ಬಿಟ್ಟು ಹೋಗುವ ದಾರಿ ತೋರಿಸುವ ಪುಸ್ತಕಗಳನ್ನು ಬಹಿರಂಗವಾಗಿ ಮಾರಲಾಗುತ್ತಿದೆ’ ಎಂದು ಬರೆದೆ. ಆ ಸಾಲು ಬರೆಯುವಾಗ ನಿನ್ನ ಮುಖವೇ ಕಣ್ಣ ಮುಂದಿತ್ತು. ನೀನು ಪಿ.ಯು.ಸಿ. ಓದುವಾಗ ಅದೇ ಅಂಗಡಿಯಿಂದ ಕಥೆ ಪುಸ್ತಕ ತರುತ್ತಿದ್ದೆ, ನಾನೇ ಕಳಿಸುತ್ತಿದ್ದೆ. ನೀನು ಹೋದ ಮೇಲೆ ನಿನ್ನನ್ನು ಒಯ್ದದ್ದು ಪುಸ್ತಕಗಳೇ ಎಂದು ನಂಬಿಕೊಂಡೆ. ಭೀಮೇಶ ಒಳ್ಳೆಯ ಹುಡುಗ, ನೀನು ಯೋಚಿಸಿಯೇ ಹೋದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು. ಕೆಳಗೆ ಮೊದಲನೆಯ ಸಹಿ ನನ್ನದು.

ಜೂನ್ ತಿಂಗಳ ಎರಡನೆಯ ಶುಕ್ರವಾರ ಮಧ್ಯಾಹ್ನ ಮೂರರ ಸುಮಾರಿಗೆ ಅರ್ಜಿ ಹಿಡಿದುಕೊಂಡು ಹೋದೆವು. ಹೊರಟಾಗ ಹತ್ತು ಮಂದಿ ಇದ್ದೆವು. ಅಂಗಡಿ ಮುಟ್ಟುವಷ್ಟರಲ್ಲಿ ಮೂವತ್ತಾಗಿತ್ತು. ಉಳಿದವರು ಹಣಮೇಶನ ಕಡೆಯವರು, ನನಗೆ ಮುಖಪರಿಚಯವೂ ಇಲ್ಲ. ಸುಮಲತಾ ಮೇಜಿನ ಮುಂದೆ ಬಂದು ನಿಂತಳು. ನಾನು ಅರ್ಜಿ ಓದಲು ಶುರು ಮಾಡಿದೆ. ಎರಡನೆಯ ಪ್ಯಾರಾಕ್ಕೆ ಬಂದಿರಲಿಲ್ಲ, ಯಾರೋ ಮೇಜನ್ನು ಎಳೆದು ಉರುಳಿಸಿದರು.

ಆಮೇಲೆ ಆದದ್ದು ಐದು ನಿಮಿಷವೂ ಇರಲಿಕ್ಕಿಲ್ಲ. ಪುಸ್ತಕಗಳನ್ನು ಬಾಚಿ ಗಟಾರಕ್ಕೆ ಎಸೆದರು. ಯಾವುದು ಹೊಸದು, ಯಾವುದು ಸ್ತೋತ್ರ ಎಂದು ಯಾರೂ ನೋಡಲಿಲ್ಲ. ನಾನು “ಬ್ಯಾಡ್ರಪ್ಪಾ, ಸಾಕು” ಅಂದೆ. ಜೋರಾಗಿ ಅನ್ನಲಿಲ್ಲ, ಅಂಜನಾ. ಇದನ್ನು ಮುಚ್ಚಿಡುವುದಿಲ್ಲ. ಸುಮಲತಾ ಒಂದು ಕಬ್ಬಿಣದ ರ‍್ಯಾಕನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು. ಅದು ಅವಳ ಕೈಯ ಮೇಲೆಯೇ ಬಿತ್ತು. ಮುರಿದ ಸಪ್ಪಳ ನನಗೆ ಕೇಳಿಸಿತು.

ಆಗ ಹಿಂದಿನ ಕೋಣೆಯ ಪರದೆ ಸರಿಸಿಕೊಂಡು ಹೆಂಗಸರು ಹೊರಬಂದರು. ಏಳೆಂಟು ಜನ. ಮುಂದೆ ಬಳೆಗಾರ್ತಿ ಖಾಸಿಂಬಿ, ಹಣೆಯಿಂದ ರಕ್ತ ಇಳಿಯುತ್ತಿತ್ತು. ಎಸೆದದ್ದೇನೋ ಪರದೆ ದಾಟಿ ಅವಳಿಗೆ ಬಡಿದಿತ್ತು. ಅವಳ ತೋಳು ಹಿಡಿದು ನಡೆಸಿಕೊಂಡು ಬರುತ್ತಿದ್ದವಳು ನಿನ್ನ ಅವ್ವ. ಇನ್ನೊಂದು ಕೈಯಲ್ಲಿ ಅಂಕಲಿಪಿ.

ಶುಕ್ರವಾರ ಮಧ್ಯಾಹ್ನ ಅವಳು ಭಜನೆಗೆ ಹೋಗುತ್ತಾಳೆಂದು ನಾನು ತಿಳಿದಿದ್ದೆ. ದೀಪಾವಳಿಯಿಂದಲೂ ಹಾಗೆಯೇ ಹೇಳಿ ಹೋಗುತ್ತಿದ್ದಳು. ಗುಂಪಿನಲ್ಲಿ ಗುರಪ್ಪ ಗುರುತು ಹಿಡಿದು, “ಏ, ದಾರಿ ಬಿಡ್ರಿ, ಸಾಬಣ್ಣನವರ ಮನಿಯವರು,” ಅಂದ. ಎಲ್ಲರೂ ಸರಿದು ನಿಂತರು. ಒಬ್ಬನಂತೂ ಕೈ ಮುಗಿದ. ಅವಳು ನನ್ನ ಕೈಯಲ್ಲಿದ್ದ ಅರ್ಜಿಯನ್ನು ನೋಡಿದಳು, ನನ್ನ ಮುಖ ನೋಡಲಿಲ್ಲ. ಖಾಸಿಂಬಿಯನ್ನು ಕರೆದುಕೊಂಡು ಆಸ್ಪತ್ರೆಯ ಕಡೆ ನಡೆದಳು. ಗಟಾರ ದಾಟುವಾಗ ಸೀರೆ ಎತ್ತಿ ಹಿಡಿಯಲು ಕೈ ಖಾಲಿ ಇರಲಿಲ್ಲ. ಅಂಚೆಲ್ಲ ಕೆಸರಾಯಿತು.

ಸಂಜೆ ಬಂದು ಎಂದಿನಂತೆ ರೊಟ್ಟಿ ಬಡಿದಳು. ಬಡಿಸಿದಳು. ತಾಟಿನ ಮುಂದೆ ಕುಳಿತು ನಾನೇ ಕೇಳಿದೆ, “ಅಲ್ಲಿಗೆ ಯಾಕ ಹೋಗಿದ್ದಿ?”

“ಓದೂದು ಕಲಿಯಾಕ.”

“ನನಗ ಹೇಳಿದ್ರ ನಾನ ಕಲಸ್ತಿದ್ನಲ್ಲ.”

ಅವಳು ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ಮದುವೆಯಾಗಿ ನಲವತ್ತೊಂದು ವರ್ಷವಾಯಿತು. ಪ್ರತಿ ಶ್ರಾವಣದಲ್ಲಿ ವ್ರತಕಥೆ ತಂದು ನಾನೇ ಓದುತ್ತಿದ್ದೆ, ಅವಳು ಕೇಳುತ್ತಿದ್ದಳು. ಕಲಿಸುತ್ತೇನೆಂದು ಒಂದು ದಿನವೂ ಅಂದಿರಲಿಲ್ಲ.

ಪೊಲೀಸರು ಬಂದರು, ಅರ್ಜಿ ಇಸಿದುಕೊಂಡರು, ನನ್ನನ್ನೂ ಗುರಪ್ಪನನ್ನೂ ಎರಡು ಸಲ ಕರೆಸಿದರು. ಹಣಮೇಶ ಆ ದಿನ ತಾನು ಊರಲ್ಲೇ ಇರಲಿಲ್ಲ ಅಂದ. ಸುಮಲತಾಳ ಗಂಡ ತಕರಾರು ಬೇಡವೆಂದು ದೂರು ಹಿಂದಕ್ಕೆ ತೆಗೆಸಿದ, ಅಂಗಡಿ ಮುಚ್ಚಿಸಿದ. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ಗುರಪ್ಪನ ಮನೆಯಲ್ಲಿ ಗೃಹಪ್ರವೇಶವಿತ್ತು. ಪೂಜೆಗೆ ಬೇಕಾದ ಸ್ತೋತ್ರದ ಪುಸ್ತಕ ಊರಲ್ಲೆಲ್ಲೂ ಸಿಗದೆ ಶಹಾಪುರಕ್ಕೆ ಬಸ್ ಹತ್ತಿದ. ಬಂದು ನನ್ನ ಮುಂದೆ ಕುಳಿತು, “ಏನ್ ಮಾಡಿಬಿಟ್ವೋ ಸಾಬಣ್ಣ,” ಅಂದ. ನಾವು ಈಗ ಚಹಾದಂಗಡಿಗೆ ಹೋಗುವುದಿಲ್ಲ.

ಜುಲೈ ಕೊನೆಗೆ ನಾನೂ ಶಹಾಪುರಕ್ಕೆ ಹೋದೆ. ಸುಮಲತಾ ಅಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಬಲಗೈಗೆ ರಾಡು ಹಾಕಿದ್ದಾರೆ, ಎರಡು ಬೆರಳು ಮಡಚುವುದಿಲ್ಲ. ಕ್ಷಮಿಸು ಅನ್ನಲು ಹೋದವನು ಮಳೆಯ ಮಾತು ಆಡಿದೆ. ಅವಳೇ ಎಡಗೈಯಿಂದ ನೀರು ತಂದಿಟ್ಟಳು.

“ಕಾಕಾ, ನೀವೊಬ್ಬರ ಬಂದು, ಪಂಚಾಂಗ ಮುಂದ ಇಡು ಅಂದಿದ್ರ ಇಡ್ತಿದ್ನಿರಿ. ನಮ್ಮ ಮಾವನವರ ದೋಸ್ತ ನೀವು. ಮೂವತ್ತು ಮಂದೀನ ಯಾಕ ಕರಕೊಂಡು ಬಂದ್ರಿ?”

ನಾನು ನೀರಿನ ಲೋಟ ಕೈಗೆತ್ತಿಕೊಂಡೆ. ಅವಳೇ ಮತ್ತೆ ಕೇಳಿದಳು, “ಅವ್ವಾರು ಹೆಂಗದಾರ್ರಿ? ಎಲ್ಲಾರಕಿಂತ ಜಲ್ದಿ ಕಲಿಯಾಕತ್ತಿದ್ರು. ಒತ್ತಕ್ಷರ ಅಷ್ಟ ಬಾಕಿ ಉಳದ್ವು.”

ಮನೆಗೆ ಬಂದವನೇ ಅವ್ವನಿಗೆ ಅಂದೆ, “ಒತ್ತಕ್ಷರ ನಾ ಹೇಳಿಕೊಡ್ತೀನಿ, ಕೂಡು.”

“ನಿಮ್ಮ ಕಡಿಂದ ಬ್ಯಾಡ್ರಿ,” ಅಂದಳು. ಸಿಟ್ಟಿನಿಂದ ಅನ್ನಲಿಲ್ಲ. ಅಂಗಡಿಯಲ್ಲಿ ಬೇಡದ ಸಾಮಾನು ತೋರಿಸಿದಾಗ ಅನ್ನುತ್ತಾರಲ್ಲ, ಹಾಗೆ. ದಿನಾ ಮಧ್ಯಾಹ್ನ ಖಾಸಿಂಬಿಯ ಮನೆಗೆ ಹೋಗುತ್ತಿದ್ದಳು. ಇಬ್ಬರೂ ಕೂಡಿಕೊಂಡು, ಒಬ್ಬರಿಗೆ ತಿಳಿದದ್ದನ್ನು ಇನ್ನೊಬ್ಬರು ಕೇಳಿಕೊಂಡು, ಆ ಬಾಕಿಯನ್ನೂ ಕಲಿತರು. ಖಾಸಿಂಬಿಯ ಹಣೆಯ ಮೇಲೆ ಮೂರು ಹೊಲಿಗೆಯ ಗುರುತಿದೆ. ದಾರಿಯಲ್ಲಿ ಸಿಕ್ಕರೆ ಈಗಲೂ “ಸಾಬಣ್ಣ, ಆರಾಮೇನ್ರಿ?” ಎಂದು ಕೇಳುತ್ತಾಳೆ. ನನಗೆ ನಿಲ್ಲಲಾಗುವುದಿಲ್ಲ.

ಮೊನ್ನೆ ಅವ್ವ ಚೀಲ ತುಂಬಿಟ್ಟಳು. “ಅಂಜನಾನ ಕಡೆ ಹೊಂಟೀನಿ. ನೀವು ಬರಬ್ಯಾಡ್ರಿ,” ಅಂದಳು. ನಾಳೆ ಮುಂಜಾನೆಯ ಬಸ್ಸಿಗೆ ಹೊರಡುತ್ತಾಳೆ. ಬೋರ್ಡು ಓದಿ ಬಸ್ ಹತ್ತುತ್ತಾಳಂತೆ, ನನ್ನನ್ನು ಸ್ಟ್ಯಾಂಡಿನ ತನಕವೂ ಬೇಡವೆಂದಿದ್ದಾಳೆ. ಎಷ್ಟು ದಿನಕ್ಕೆ ಎಂದು ನಾನು ಕೇಳಿಲ್ಲ. ಮೊಣಕಾಲಿಗೆ ರಾತ್ರಿ ಬಿಸಿ ಎಣ್ಣೆ ಹಚ್ಚಬೇಕು. ಹೊಳೆಯ ಗಾಳಿ ಅವಳಿಗೆ ಒಗ್ಗುವುದಿಲ್ಲ, ಕಿವಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳು. ಈ ಪತ್ರ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಕವರಿಗೆ ಅಂಟು ಹಚ್ಚಿಲ್ಲ. ದಾರಿಯಲ್ಲಿ ಓದಿಕೊಂಡರೆ ಓದಿಕೊಳ್ಳಲಿ.

ನಿಮ್ಮಿಬ್ಬರ ಬದುಕು ತಂಪಾಗಿರಲಿ, ನಿಮ್ಮ ಬಲೆಗೂ ಹೊಲಕ್ಕೂ ಬರಕತ್ತಿರಲಿ. ನನ್ನಂಥವನ ಆಶೀರ್ವಾದ ಬೇಕೆನ್ನಿಸಿದರೆ ಇಟ್ಟುಕೊಳ್ಳಿ.

ನಿನ್ನ ಅಪ್ಪ,
ಸಾಬಣ್ಣ

ತಾ.ಕ.: ಸಹಿ ಹಾಕಿ ಎದ್ದಿದ್ದೆ. ಆದರೆ ಇಷ್ಟಕ್ಕೇ ಮಡಚಿ ಕೊಟ್ಟರೆ ಇದೂ ಇನ್ನೊಂದು ಮೋಸವಾಗುತ್ತದೆ.

ನಿನ್ನ ಪತ್ರಗಳನ್ನೆಲ್ಲ ಅವ್ವನಿಗೆ ನಾನೇ ಓದಿ ಹೇಳಿದೆ. ಎರಡನೆಯದರಲ್ಲಿ ನೀನು ಹೆಣ್ಣುಮಗು ಹುಟ್ಟಿದೆ, ತೂಕ ಸಾಲದು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ನನಗೆ ಹೆದರಿಕೆಯಾಗುತ್ತಿದೆ, ಅವ್ವನನ್ನು ಕಳಿಸಪ್ಪಾ ಎಂದು ಬರೆದಿದ್ದೆ. ನಾನು ಓದಿದ್ದು ಬೇರೆ: “ಆರಾಮ ಅದೀನಿ. ನೀವು ಯಾರೂ ಬರಬ್ಯಾಡ್ರಿ. ನನ್ನ ಮರತುಬಿಡ್ರಿ.” ಕಾಗದದ ಮೇಲೆ ಕಣ್ಣಿಟ್ಟುಕೊಂಡೇ ಓದಿದೆ. ಅವಳು “ಇನ್ನೊಮ್ಮೆ ಓದ್ರಿ” ಅಂದಳು. ಇನ್ನೊಮ್ಮೆಯೂ ಅದನ್ನೇ ಓದಿದೆ. ಮೂರನೆಯ ಪತ್ರದಲ್ಲಿ ಮಗು ಹತ್ತೊಂಬತ್ತನೆಯ ದಿನಕ್ಕೆ ಹೋಯಿತೆಂದು ಇತ್ತು. ಅದಕ್ಕೂ ಆರಾಮ ಎಂದೇ ಓದಿದೆ. ಓದಿದ ಮೇಲೆ ಪತ್ರಗಳನ್ನು ಅವಳ ಕೈಗೇ ಕೊಡುತ್ತಿದ್ದೆ. ಅಕ್ಷರ ಬಾರದವಳ ಹತ್ತಿರ ಇದ್ದರೇನು ಅಂತ.

ಮೊನ್ನೆ ಶುಕ್ರವಾರ ಅವಳು ಆ ಎರಡನೆಯ ಪತ್ರ ತಂದು ನನ್ನೆದುರು ಕುಳಿತು ಗಟ್ಟಿಯಾಗಿ ಓದಿದಳು. ಒಂದೊಂದೇ ಅಕ್ಷರ ಕೂಡಿಸುತ್ತ, ಒತ್ತು ಬಂದಲ್ಲಿ ನಿಲ್ಲುತ್ತ, ಮತ್ತೆ ಸಾಲಿನ ಮೊದಲಿಗೆ ಹೋಗುತ್ತ. ಅರ್ಧ ತಾಸು ಹಿಡಿಯಿತು. ನಾನು ಎದ್ದು ಹೋಗಲಿಲ್ಲ. ಮಗುವಿಗೆ ಅವ್ವನ ಹೆಸರನ್ನೇ ಇಟ್ಟಿದ್ದೇವೆ, ಮಲ್ಲಾಬಾಯಿ ಅಂತ, ಎಂದು ಬರೆದಿದ್ದೆಯಲ್ಲ. ಇಡೀ ಪತ್ರದಲ್ಲಿ ಆ ಒಂದು ಶಬ್ದವನ್ನು ಮಾತ್ರ ಅವಳು ತಡವರಿಸದೆ ಓದಿದಳು.