ಪಾದದ ನಾಡಿ ನೋಡಲು ಆದೇಶ ಕೊಡಿ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಿಮ್ಮ ಆರೋಗ್ಯ ಕೇಂದ್ರದಲ್ಲಿ ಯಾರೂ ರೋಗಿಯ ಪಾದ ಮುಟ್ಟಿ ನೋಡುವುದಿಲ್ಲ. ಅದರಿಂದಾಗಿ ನನ್ನ ಅಣ್ಣ ಹರ್ಕಮಾನ್ ಎಡಗಾಲನ್ನು ಮೊಣಕಾಲಿನಿಂದ ಕೆಳಗೆ ಕಳೆದುಕೊಂಡ. ಈಗ ಬಲಗಾಲೂ ತಣ್ಣಗಾಗುತ್ತಿದೆ. ದೊಡ್ಡವರಿಗೆ ಬರೆದು ನನಗೆ ಅಭ್ಯಾಸವಿಲ್ಲ, ಹೆದರಿಕೆ ಬರೆಸುತ್ತಿದೆ.

ಅಣ್ಣ ಬೆನ್ನಬುಟ್ಟಿಯಲ್ಲಿ ಬೆಟ್ಟದ ಅಂಗಡಿಗಳಿಗೆ ಅಕ್ಕಿ, ಉಪ್ಪು ಹೊರುತ್ತಿದ್ದ. ಹೊರೆಯವರು ದಾರಿಯ ಪ್ರತಿ ಕಟ್ಟೆಯಲ್ಲೂ ಭಾರ ಇಳಿಸಿ ಕೂರುವುದು ನಮ್ಮಲ್ಲಿ ರೂಢಿ. ಹಾಗಾಗಿ ಅವನು ಕಟ್ಟೆಯಿಲ್ಲದ ಕಡೆಯೂ ಮೀನಖಂಡ ಹಿಡಿದು ನಿಲ್ಲತೊಡಗಿದಾಗ ಯಾರಿಗೂ ಅನುಮಾನ ಬರಲಿಲ್ಲ, ನಗು ಬಂತು.

"ಹರ್ಕಮಾನನಿಗೆ ಮಾತ್ರ ಕಟ್ಟೆಗಳು ಮರಿ ಹಾಕ್ತಿವೆ ಕಣ್ರೋ!" ಎಂದ ಜೊತೆಗಾರ ಲಾಲ್‌ಧ್ವಜ್.

"ನಿಮ್ಹಾಗೆ ಹೇಸರಗತ್ತೆ ಅಲ್ಲ ನಾನು. ಒಂದು ಬೀಡಿ ಎಳ್ದು ಬರ್ತೀನಿ, ನಡೀರಿ" ಎಂದ ಅಣ್ಣ.

ಕೂತರೆ ನೋವು ಮಾಯ; ನಡೆದರೆ ಮತ್ತೆ ಅಷ್ಟೇ ದೂರಕ್ಕೆ ಹಾಜರು. ಇಷ್ಟು ಶಿಸ್ತಿನ ನೋವಿಗೆ ನಿಮ್ಮ ಕೇಂದ್ರದ ಸಹಾಯಕರು, "ಹೊರೆಯವನಿಗೆ ಕಾಲು ನೋಯದೆ ಕೊಂಬು ನೋಯುತ್ತಾ?" ಎಂದು ಮುಲಾಮು ಕೊಟ್ಟರು. ಹೆಬ್ಬೆರಳು ಕಪ್ಪಾದಾಗಲೂ ಮುಲಾಮೇ. ಬಣ್ಣ ಮಾತ್ರ ಬೇರೆ.

ಕೊನೆಗೆ ಅಣ್ಣನನ್ನು ಬಯಲಿನ ಪಟ್ಟಣಕ್ಕೆ ಹೊತ್ತೊಯ್ದೆವು. ಅಲ್ಲಿನ ವೈದ್ಯೆ ಮೊದಲು ಮಾಡಿದ ಕೆಲಸವೆಂದರೆ ಪಾದದ ಮೇಲೆ ಎರಡು ಬೆರಳಿಟ್ಟದ್ದು. ಆಮೇಲೆ ರಕ್ತದೊತ್ತಡದ ಪಟ್ಟಿಯನ್ನು ತೋಳಿಗೂ ಕಣಕಾಲಿಗೂ ಸುತ್ತಿ ಹೋಲಿಸಿದರು.

"ಬೀಡಿ ರಕ್ತನಾಳಾನ ಮುಚ್ಚಿಹಾಕಿದೆ. ಈ ಕಾಲು ಕೈಮೀರಿದೆ. ಬೀಡಿ ಬಿಟ್ರೆ ಆ ಕಾಲು ಉಳಿಯಬಹುದು. ತಿಂಗಳಿಗೊಮ್ಮೆ ನಿಮ್ಮೂರಲ್ಲೇ ಪಾದದ ನಾಡಿ ನೋಡಿಸಿ. ಕ್ಷೀಣಿಸಿದ್ರೆ ತಡಮಾಡ್ದೆ ಬನ್ನಿ" ಎಂದರು.

ಎಡಗಾಲನ್ನು ಅಲ್ಲೇ ಕತ್ತರಿಸಿದರು. ಅಣ್ಣ ಬೀಡಿ ಬಿಟ್ಟ. ನಿಮ್ಮ ಕೇಂದ್ರಕ್ಕೆ ಹೋದೆವು. "ನಾಡಿ ನೋಡೋದು ಕೈಯಲ್ಲಿ ತಂಗಿ. ಪಾದದಲ್ಲಿ ನೋಡೋಕೆ ನಮಗೆ ಆದೇಶ ಬಂದಿಲ್ಲ" ಎಂದರು ಅದೇ ಸಹಾಯಕರು. ಸತ್ಯವೇ ಇರಬಹುದು. ಆದರೆ ಮಾನ್ಯರೇ, ರಕ್ತವೂ ತಮ್ಮ ಆದೇಶ ಬಂದ ಮೇಲೆಯೇ ಮಂಡಿಯಿಂದ ಕೆಳಗೆ ಇಳಿಯುತ್ತದೆಯೆ? ಒಂಟಿಕಾಲಿನವನನ್ನು ತಿಂಗಳು ತಿಂಗಳು ಪಟ್ಟಣಕ್ಕೆ ಹೊತ್ತೊಯ್ಯುವವರು ಯಾರು?

ಈಗ ನಾನೇ ನೋಡುತ್ತೇನೆ. ವೈದ್ಯೆ ಬೆರಳಿಟ್ಟ ಜಾಗದಲ್ಲೇ ಬೆರಳಿಡುತ್ತೇನೆ.

"ಇದೆಯೇನೇ?" ಎಂದು ಅಣ್ಣ ನನ್ನ ಮುಖವನ್ನೇ ನೋಡುತ್ತಾನೆ.

"ಇದೆ ಅಣ್ಣ, ಸುಮ್ನಿರು" ಎನ್ನುತ್ತೇನೆ.

ಹೆದರಿದವಳ ಬೆರಳತುದಿಯೂ ಬಡಿದುಕೊಳ್ಳುತ್ತದೆ. ಬಡಿಯುತ್ತಿರುವುದು ಅವನ ಪಾದವೋ ನನ್ನ ಬೆರಳೋ, ನನಗೆ ಗೊತ್ತಾಗುವುದಿಲ್ಲ.

ಕಾಲುನೋವೆಂದು ಬಂದವರ ಎರಡೂ ಪಾದಗಳ ನಾಡಿ ನೋಡಬೇಕೆಂದು ಲಿಖಿತ ಆದೇಶ ಹೊರಡಿಸಿ. ನೋಡಲು ಬಲ್ಲ ಒಬ್ಬರನ್ನು ಈ ವಾರವೇ ಕಳಿಸಿ. ನನ್ನ ಬೆರಳನ್ನು ಅಣ್ಣ ನಂಬಿದ್ದಾನೆ, ನಾನು ನಂಬಿಲ್ಲ.

ಇಂತಿ,
"ಇದೆ" ಎಂದು ಹೇಳಿ ಹೇಳಿ ಧೈರ್ಯ ಬತ್ತಿದ ತಂಗಿ
ಜಸ್ಮಾಯಾ ರಾಯಿ
ಪೂರ್ವ ನೇಪಾಳದ ಬೆಟ್ಟದೂರಿನಿಂದ